ಬಿಸಿಲೂರಿನ ಮನೆಗೆ ಕೆನೆಬಿಳಿ: ಒಳಗೋಡೆಯ ಎಮಲ್ಷನ್ ಹೇಗಿದೆ?

ವಿಜಯಪುರದ ಏಪ್ರಿಲ್ ಬಿಸಿಲಿಗೆ ಅಚ್ಚಬಿಳಿ ಬಳಿದ ಪಡಸಾಲೆ ಕಣ್ಣು ಕೋರೈಸುತ್ತದೆ. ಅಲ್ಲೇ ತುಸು ಹಳದಿ ಬೆರೆತ ಆಫ್‌ವೈಟ್, ಅಂದರೆ ಕೆನೆಬಿಳಿ ಎಮಲ್ಷನ್ (ನೀರು ಬೆರೆಸಿ ಬಳಿಯುವ ಗೋಡೆಬಣ್ಣ) ಹಚ್ಚಿದರೆ ಬೆಳಕು ಹಾಗೇ ಉಳಿದು ಕಣ್ಣಿಗೆ ತಂಪೆನಿಸುತ್ತದೆ. ಈ ಭಾಗದ ಮನೆಗಳಿಗೆ ಒಂದೇ ಬಣ್ಣ ಹೇಳಿ ಎಂದರೆ ನಾವು ಹೇಳುವುದು ಇದನ್ನೇ. ಆದರೆ ಷೇಡ್ ಕಾರ್ಡಿನ ಬೆರಳಗಲದ ಚೂರು ನೋಡಿ ಡಬ್ಬಿ ತರಬೇಡಿ. ಗೋಡೆಯ ಮೇಲೆ ಅದು ಹೇಗೆ ಕಾಣುತ್ತದೆ ಎನ್ನುವುದನ್ನು ನಿಮ್ಮ ಮನೆಯ ನೆಲ ಮತ್ತು ಬಲ್ಬು ತೀರ್ಮಾನಿಸುತ್ತವೆ.

ಅಂಗಡಿಯ ಯಂತ್ರ ಬಿಳಿ ಬೇಸ್‌ಗೆ ಹಳದಿ ಆಕ್ಸೈಡ್, ಜೊತೆಗೆ ಚೂರು ಕೆಂಪು ಆಕ್ಸೈಡ್ ಅಥವಾ ಕಪ್ಪು ಟಿಂಟರ್ (ಛಾಯೆ ಕೊಡುವ ಗಾಢ ಬಣ್ಣದ್ರವ) ಬಿಡುತ್ತದೆ. ಕೆಂಪು ಜಾಸ್ತಿಯಾದರೆ ಪೀಚ್ ಕಡೆಗೆ, ಕಪ್ಪು ಜಾಸ್ತಿಯಾದರೆ ಬೂದಿ ಕಡೆಗೆ ವಾಲುತ್ತದೆ. ಬಾಗಲಕೋಟೆ ಸೀಮೆಯಲ್ಲಿ ಇಳಕಲ್ಲಿನ ಕೆಂಪು ಗ್ರಾನೈಟ್ ಹಾಕಿದ ಮನೆಗಳು ಬಹಳ. ಕಿಟಕಿಯ ಬಿಸಿಲು ಆ ನೆಲಕ್ಕೆ ಬಿದ್ದು ಗೋಡೆಯ ಕೆಳಭಾಗಕ್ಕೆ ಗುಲಾಬಿ ಛಾಯೆ ಹೊಡೆಯುತ್ತದೆ. ಅಂಥಲ್ಲಿ ಕೆಂಪು ಟಿಂಟರ್ ಇಲ್ಲದ ಷೇಡೇ ಬೇಕು. ಶಹಾಬಾದ್ ಪರ್ಸಿಯ (ಹಾಸುಗಲ್ಲಿನ) ಬೂದುನೆಲಕ್ಕೆ ಮಾತ್ರ ಹಳದಿ ತುಸು ಮುಂದಿರುವ ಕೆನೆಬಿಳಿ ಬಹಳ ಚೆನ್ನಾಗಿ ಒಪ್ಪುತ್ತದೆ.

ಬಲ್ಬಿನ ವಿಷಯ ಹಲವರು ಕಡೆಗಣಿಸುತ್ತಾರೆ. 6500 ಕೆಲ್ವಿನ್ (ಬೆಳಕಿನ ಛಾಯೆಯ ಅಳತೆ; ಹೆಚ್ಚಿದಷ್ಟೂ ಬೆಳಕು ನೀಲಿಬಿಳಿ) ಎಲ್‌ಇಡಿ ಟ್ಯೂಬಿನಡಿ ಈ ಬಣ್ಣ ಮಂಕಾಗಿ, ಕೆಲವೊಮ್ಮೆ ಹಸಿರು ಮಿಶ್ರಿತವಾಗಿ ಕಾಣುತ್ತದೆ. 2700 ಕೆಲ್ವಿನ್ನಿನಲ್ಲಿ ಹಳದಿ ಅತಿಯಾಗುತ್ತದೆ. ಓದುವ, ಕೂರುವ ಕೋಣೆಗೆ 4000 ಕೆಲ್ವಿನ್ ಸರಿ. ಎರಡಡಿ ಚೌಕದ ಹಾರ್ಡ್‌ಬೋರ್ಡಿಗೆ ಎರಡು ಕೋಟ್ ಹಚ್ಚಿ, ಒಣಗಿದ ಮೇಲೆ ಎಲ್ಲ ಗೋಡೆಗೂ ಆನಿಸಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿ. ಹಳೆ ಬಣ್ಣದ ಗೋಡೆಗೇ ಸ್ಯಾಂಪಲ್ ಬಳಿದರೆ ಸುತ್ತಲಿನ ನೀಲಿಯೋ ಹಸಿರೋ ಕಣ್ಣಿಗೆ ಮೋಸ ಮಾಡುತ್ತದೆ.

ಗ್ರೇಡ್‌ಗಳಲ್ಲಿ ವ್ಯತ್ಯಾಸ ದೊಡ್ಡದು. ಏಷ್ಯನ್ ಪೇಂಟ್ಸಿನ ಟ್ರ್ಯಾಕ್ಟರ್ ಎಮಲ್ಷನ್‌ನಂಥ ಅಗ್ಗದ ಮ್ಯಾಟ್ ಬಣ್ಣ ಗೋಡೆಯ ಏರುತಗ್ಗು ಮುಚ್ಚುತ್ತದೆ, ಆದರೆ ಒದ್ದೆ ಬಟ್ಟೆಯಿಂದ ಪದೇಪದೇ ಒರೆಸಿದರೆ ಸವೆಯುತ್ತದೆ. ರಾಯಲ್‌ನಂಥ ಮೇಲ್ದರ್ಜೆಯದು ತೊಳೆಯಲು ಒಳ್ಳೆಯದು. ಅದರ ನಯವಾದ ಹೊಳಪು ಮಾತ್ರ ಪುಟ್ಟಿಯ (ಗೋಡೆ ನಯಮಾಡಲು ಬಳಿಯುವ ಲೇಪದ) ಪ್ರತಿ ಅಲೆಯನ್ನೂ ಕಿಟಕಿಯ ಓರೆ ಬೆಳಕಿನಲ್ಲಿ ಎತ್ತಿ ತೋರಿಸುತ್ತದೆ. ಮಕ್ಕಳಿರುವ ಮನೆಯ ಪಡಸಾಲೆಗೆ ನಡುದರ್ಜೆಯ ಎಮಲ್ಷನ್ ತೆಗೆದುಕೊಳ್ಳಿ, ಛತ್ತಿಗೆ ಅಗ್ಗದ್ದೇ ಸಾಕು.

ಛತ್ತಿಗೆ ಅಚ್ಚಬಿಳಿ ಬೇಡ. ಪಕ್ಕದಲ್ಲಿ ಅದಿದ್ದರೆ ಕೆನೆಬಿಳಿ ಗೋಡೆ ಮಾಸಿದಂತೆ ತೋರುತ್ತದೆ. ಅದೇ ಷೇಡನ್ನು ಅರ್ಧ ಟಿಂಟರ್ ಹಾಕಿ ಮಾಡಿಕೊಡಿ ಎಂದು ಅಂಗಡಿಯಲ್ಲಿ ಕೇಳಿ.

ಹತ್ತು-ಹನ್ನೆರಡು ಅಡಿಯ ಕೋಣೆ, ಹತ್ತಡಿ ಎತ್ತರ ಎಂದರೆ ಗೋಡೆ 440 ಚದರಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು 400. ಎರಡು ಕೋಟ್‌ಗೆ ಲೀಟರಿಗೆ 110ರಿಂದ 120 ಚದರಡಿ ಹಿಡಿದರೆ ನಾಲ್ಕು ಲೀಟರಿನ ಡಬ್ಬಿಯಲ್ಲಿ ಕೆಲಸ ಮುಗಿಯುತ್ತದೆ. ಹಲವು ಡಬ್ಬಿ ಬೇಕಾದರೆ ಎಲ್ಲವನ್ನೂ ಒಂದೇ ಅಂಗಡಿಯಲ್ಲಿ ಒಂದೇ ದಿನ ಮಾಡಿಸಿ, ದೊಡ್ಡ ಬಕೆಟ್ಟಿಗೆ ಸುರಿದು ಕಲಸಿ. ಇಂಥ ತಿಳಿಬಣ್ಣದಲ್ಲಿ ಟಿಂಟರ್ ಹನಿ ಹೆಚ್ಚುಕಡಿಮೆಯಾದರೂ ಗೋಡೆಯ ನಡುವೆ ಗೆರೆ ಎದ್ದು ಕಾಣುತ್ತದೆ.

ಕೆಳಪದರದಲ್ಲಿ ಅವಸರ ಸಲ್ಲ. ಹೊಸ ಪ್ಲಾಸ್ಟರಿಗೆ ಕನಿಷ್ಠ 28 ದಿನ ಬಿಡಿ. ಹಳೆ ಸುಣ್ಣದ ಗೋಡೆಯಾದರೆ ಗಟ್ಟಿ ಪದರ ಸಿಗುವವರೆಗೆ ಕೆರೆಯಲೇಬೇಕು; ಪುಡಿ ಬಿಡುವ ಸುಣ್ಣದ ಮೇಲೆ ಬಳಿದ ಎಮಲ್ಷನ್ ಹಪ್ಪಳದಂತೆ ಏಳುತ್ತದೆ. ಎರೆನೆಲ ಬೇಸಿಗೆಯಲ್ಲಿ ಕುಗ್ಗಿ ಮಳೆಗಾಲದಲ್ಲಿ ಉಬ್ಬುವುದರಿಂದ ಗೋಡೆ ಬಿರುಕು ಬಿಡುವುದು ಇಲ್ಲಿ ಸಾಮಾನ್ಯ. ಬಿರುಕನ್ನು ಇಂಗ್ಲಿಷಿನ ವಿ ಆಕಾರಕ್ಕೆ ಕೊರೆದು ಅಕ್ರಿಲಿಕ್ ಫಿಲ್ಲರ್ ತುಂಬಿಸಿ. ಬರೀ ಪುಟ್ಟಿ ಬಿರುಸಾದದ್ದು, ನೆಲ ಮಿಸುಕಿದಾಗ ಮತ್ತೆ ಸೀಳುತ್ತದೆ. ಆಮೇಲೆ ಎರಡು ಕೋಟ್ ಪುಟ್ಟಿ, ಪಾಲಿಶ್ ಪೇಪರ್, ಧೂಳು ಒರೆಸಿ ಒಂದು ಕೋಟ್ ಪ್ರೈಮರ್. ಪ್ರೈಮರ್ ಬಿಟ್ಟರೆ ಪುಟ್ಟಿ ಬಣ್ಣದ ನೀರನ್ನು ಅಲ್ಲಲ್ಲಿ ಹೀರಿ ಗೋಡೆ ತೇಪೆತೇಪೆಯಾಗುತ್ತದೆ.

ಬಣ್ಣಕ್ಕೆ ಬೋರಿನ ಸವಳು ನೀರು ಬೆರೆಸಬೇಡಿ, ಕುಡಿಯುವ ನೀರನ್ನೇ ಡಬ್ಬಿಯ ಮೇಲೆ ಬರೆದ ಅಳತೆಯಲ್ಲಿ ಹಾಕಿ. ನೀರು ಜಾಸ್ತಿಯಾದರೆ ಎರಡು ಕೋಟ್‌ನಲ್ಲಿ ಮುಚ್ಚದು. ಬೇಸಿಗೆಯಲ್ಲಿ ರೋಲರಿನ ಅಂಚು ಬೇಗ ಒಣಗಿ ಪಟ್ಟೆ ಬೀಳುತ್ತದೆ; ಬೆಳಿಗ್ಗೆಯೇ ಶುರುಮಾಡಿ, ಫ್ಯಾನ್ ಆರಿಸಿ, ಹಿಡಿದ ಗೋಡೆಯನ್ನು ನಡುವೆ ನಿಲ್ಲಿಸದೆ ಮುಗಿಸಿ. ಬೆಳಗಾವಿಯಲ್ಲಿ ತೊಂದರೆ ಇದಕ್ಕೆ ತಿರುಗಾಮುರುಗಾ: ಮಳೆಗಾಲದಲ್ಲಿ ಗೋಡೆಯ ಪಸೆ ಆರುವುದಿಲ್ಲ, ದೀಪಾವಳಿ ಕಳೆದ ಮೇಲೆ ಬಣ್ಣ ಹಿಡಿಯುವುದೇ ಕ್ಷೇಮ.

ಬಾಗಿಲಿಗೂ ಇದೇ ಬಣ್ಣ ಬೇಕಿದ್ದರೆ ಎಣ್ಣೆ ಎನಾಮಲ್ ಬಿಟ್ಟು ನೀರಿನ ಎನಾಮಲ್ ಕೇಳಿ. ಎಣ್ಣೆಯದು ಕತ್ತಲೆ ಮೂಲೆಯಲ್ಲಿ, ಅಡುಗೆಮನೆಯಲ್ಲಿ ಕ್ರಮೇಣ ಹಳದಿಗಟ್ಟಿ ಗೋಡೆಗೆ ಹೊಂದದೆ ಹೋಗುತ್ತದೆ.