ಒಂದು ಲಿಫ್ಟ್, ಒಂದು ಚಪ್ಪಾಳೆ: ಎರಡು ಹಾರರ್ ಟ್ರೇಲರ್‌ಗಳ ವಿಮರ್ಶೆ

ಟ್ರೇಲರ್ ಎಂಬುದು ಸಿನಿಮಾದ ಜಾಹೀರಾತು, ಜಾಹೀರಾತಿನ ಕೆಲಸ ಸರಕನ್ನು ತೋರಿಸಿ ಗಿರಾಕಿಯನ್ನು ಕರೆತರುವುದು. ಹಾರರ್ ಚಿತ್ರದ ಟ್ರೇಲರ್‌ಗೆ ಈ ಕೆಲಸ ತುಸು ಇಕ್ಕಟ್ಟಿನದು, ಏಕೆಂದರೆ ಅದು ಮಾರಬೇಕಾದ ಸರಕು ಭಯ, ಆ ಭಯವನ್ನು ಮೊದಲೇ ಪೂರ್ತಿ ಖರ್ಚು ಮಾಡಿಬಿಟ್ಟರೆ ಚಿತ್ರಮಂದಿರದಲ್ಲಿ ಕೊಡಲು ಏನೂ ಉಳಿಯುವುದಿಲ್ಲ. ಈ ಇಕ್ಕಟ್ಟನ್ನು ಎರಡು ಬೇರೆ ಬೇರೆ ರೀತಿಯಲ್ಲಿ ನಿಭಾಯಿಸಿದ ಎರಡು ಟ್ರೇಲರ್‌ಗಳನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ: ಸ್ಟ್ಯಾನ್ಲಿ ಕುಬ್ರಿಕ್ ಅವರ 1980ರ ‘ದ ಶೈನಿಂಗ್’ ಮತ್ತು ಜೇಮ್ಸ್ ವಾನ್ ಅವರ 2013ರ ‘ದ ಕಾಂಜ್ಯೂರಿಂಗ್’. ಎರಡೂ ಯೂಟ್ಯೂಬ್‌ನಲ್ಲಿ ನೋಡಲು ಸಿಗುತ್ತವೆ.

‘ದ ಶೈನಿಂಗ್’ ಟ್ರೇಲರ್ ಸುಮಾರು ಒಂದೂವರೆ ನಿಮಿಷದ್ದು, ಅದರಲ್ಲಿರುವುದು ಒಂದೇ ಒಂದು ಶಾಟ್. ಹೋಟೆಲಿನ ಒಳಾಂಗಣದಲ್ಲಿ ಅಕ್ಕಪಕ್ಕದ ಎರಡು ಲಿಫ್ಟ್‌ಗಳ ಮುಚ್ಚಿದ ಬಾಗಿಲುಗಳು, ಪಕ್ಕದಲ್ಲಿ ಆಸನಗಳು, ಸುತ್ತ ಯಾರೂ ಇಲ್ಲ. ಕ್ಯಾಮೆರಾ ಕದಲುವುದಿಲ್ಲ. ಚಿತ್ರದ, ನಿರ್ದೇಶಕರ, ನಟರ ಹೆಸರುಗಳು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಸರಿಯುತ್ತವೆ, ಹಿನ್ನೆಲೆಯಲ್ಲಿ ವೆಂಡಿ ಕಾರ್ಲೋಸ್ ಮತ್ತು ರೇಚಲ್ ಎಲ್ಕಿಂಡ್ ಅವರ ಸಂಗೀತ ರಾಗಕ್ಕೂ ತಾಳಕ್ಕೂ ಸಿಗದೆ ಏರುತ್ತಾ ಹೋಗುತ್ತದೆ. ಹೆಸರುಗಳೆಲ್ಲ ಮುಗಿದ ಮೇಲೆ ಲಿಫ್ಟ್‌ನ ಸಂದಿಯಿಂದ ರಕ್ತ ನುಗ್ಗಿ ಬರುತ್ತದೆ. ಅದೂ ಸ್ಲೋ ಮೋಷನ್‌ನಲ್ಲಿ ಗೋಡೆಗೆ ಬಡಿದು, ಆಸನಗಳನ್ನು ಎತ್ತಿಕೊಂಡು, ಕೊನೆಗೆ ಕ್ಯಾಮೆರಾದ ಗಾಜಿಗೇ ಅಪ್ಪಳಿಸಿ ಪರದೆಯನ್ನೆಲ್ಲ ಮುಚ್ಚಿಬಿಡುತ್ತದೆ. ಕಥೆಯ ಒಂದು ಎಳೆಯಿಲ್ಲ, ಒಂದು ಮಾತಿಲ್ಲ, ಒಂದು ಮುಖವಿಲ್ಲ.

ಈ ಟ್ರೇಲರಿನ ನಿಜವಾದ ಕೈಚಳಕವಿರುವುದು ರಕ್ತ ಬರುವುದಕ್ಕೆ ಮೊದಲಿನ ಕಾಯುವಿಕೆಯಲ್ಲಿ. ಪರದೆಯ ಮೇಲೆ ಅಕ್ಷರ ಕಂಡರೆ ಕಣ್ಣು ಓದದೆ ಬಿಡುವುದಿಲ್ಲ. ನಾವು ಹೆಸರುಗಳನ್ನು ಓದುತ್ತಿರುವಾಗ ಮನಸ್ಸಿನ ಇನ್ನೊಂದು ಪಾಲು ಹಿಂದಿನ ಬಾಗಿಲುಗಳನ್ನು ಕಾಯುತ್ತಿರುತ್ತದೆ, ಇಷ್ಟು ಹೊತ್ತು ಒಂದೇ ಜಾಗವನ್ನು ತೋರಿಸುತ್ತಿದ್ದಾರೆಂದರೆ ಅಲ್ಲಿ ಏನೋ ಆಗಲೇಬೇಕು ಎಂಬುದು ಯಾರೂ ಹೇಳದೆ ನಮಗೆ ತಿಳಿದಿರುತ್ತದೆ. ಪಾತ್ರಗಳಿದ್ದಿದ್ದರೆ ಅವರಿಗೇನಾಗುವುದೋ ಎಂದು ಮರುಗಬಹುದಿತ್ತು. ಇಲ್ಲಿ ಯಾರೂ ಇಲ್ಲದ ಕಾರಣ ರಕ್ತದ ಪ್ರವಾಹ ನೇರವಾಗಿ ನೋಡುವವರ ಮೇಲೆಯೇ ಬರುತ್ತದೆ. ಎಲ್ಲಿಯೂ ನಮ್ಮನ್ನು ಬೆಚ್ಚಿಬೀಳಿಸುವ ಪ್ರಯತ್ನವಿಲ್ಲ, ಬರುತ್ತಿರುವುದು ಸ್ಪಷ್ಟವಾಗಿ ಕಾಣುತ್ತಿದ್ದರೂ ಸರಿದು ನಿಲ್ಲಲಾಗದ ಅಸಹಾಯಕತೆಯಷ್ಟೇ ಇದೆ, ಮತ್ತು ನನ್ನ ಮಟ್ಟಿಗೆ ಬೆಚ್ಚುವಿಕೆಗಿಂತ ಅದು ಹೆಚ್ಚು ಹೊತ್ತು ಕಾಡುತ್ತದೆ.

‘ದ ಕಾಂಜ್ಯೂರಿಂಗ್’ ಹಿಡಿದಿರುವುದು ಬೆಚ್ಚಿಬೀಳಿಸುವ ದಾರಿಯನ್ನೇ, ಆದರೆ ಅಲ್ಲಿನ ಅಚ್ಚುಕಟ್ಟುತನವನ್ನು ಮೆಚ್ಚಲೇಬೇಕು. ಮನೆಯ ಮಕ್ಕಳು ಆಡುವ ಕಣ್ಣಾಮುಚ್ಚಾಲೆಯ ನಿಯಮವೆಂದರೆ, ಬಚ್ಚಿಟ್ಟುಕೊಂಡವರು ಚಪ್ಪಾಳೆ ತಟ್ಟಿ ತಾವಿರುವ ದಿಕ್ಕಿನ ಸುಳಿವು ಕೊಡಬೇಕು. ಲಿಲಿ ಟೇಲರ್ ನಟಿಸಿರುವ ತಾಯಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಗಳನ್ನು ಹುಡುಕುತ್ತಾ ಬಂದಾಗ ಬೀರುವಿನೊಳಗಿಂದ ಎರಡು ಕೈಗಳು ಹೊರಬಂದು ಚಪ್ಪಾಳೆ ತಟ್ಟುತ್ತವೆ, ಅವು ಮಗಳ ಕೈಗಳಲ್ಲ. ಮುಂದೆ ಕತ್ತಲೆಯ ನೆಲಮಾಳಿಗೆಯಲ್ಲಿ ಅದೇ ತಾಯಿ ಬೆಂಕಿಕಡ್ಡಿ ಗೀರಿ ನಿಂತಿದ್ದಾಳೆ, ಆ ಕಡ್ಡಿಯ ಬೆಳಕು ಎಟುಕುವಷ್ಟು ಜಾಗ ಬಿಟ್ಟರೆ ಪರದೆಯೆಲ್ಲ ಕಪ್ಪು. ಹಿನ್ನೆಲೆ ಸಂಗೀತ ಅಡಗಿ, ಆಕೆಯ ಉಸಿರಷ್ಟೇ ಕೇಳುತ್ತಿರುವಾಗ, ಕತ್ತಲಿನಿಂದ ಚಾಚಿದ ಕೈಗಳು ಆಕೆಯ ಕಿವಿಯ ಪಕ್ಕದಲ್ಲೇ ಚಪ್ಪಾಳೆ ತಟ್ಟುತ್ತವೆ.

ಇಂಥ ಜಾಗದಲ್ಲಿ ಸಾಮಾನ್ಯವಾಗಿ ಸಂಕಲನಕಾರರು ಹೊರಗಿನಿಂದ ಒಂದು ಭಾರೀ ಸದ್ದನ್ನು ತಂದು ಅಂಟಿಸುತ್ತಾರೆ. ಇಲ್ಲಿ ಬೆಚ್ಚಿಸುವ ಸದ್ದು ದೃಶ್ಯದೊಳಗಿನದೇ, ಅದರ ಅರ್ಥವನ್ನು ಆಟದ ನಿಯಮ ನಮಗೆ ಆಗಲೇ ಕಲಿಸಿಕೊಟ್ಟಿದೆ. ಚಪ್ಪಾಳೆ ಎಂದರೆ ‘ನಾನು ಇಲ್ಲಿದ್ದೇನೆ’ ಎಂದು. ಎಲ್ಲಿ ಎಂಬುದು ತಿಳಿಯುತ್ತದೆ, ಯಾರು ಎಂಬುದು ತಿಳಿಯುವುದಿಲ್ಲ. ನಮ್ಮ ಊರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಸಿದ ಆ ಹಳೆಯ ವದಂತಿಯಲ್ಲೂ ದೆವ್ವ ಕಣ್ಣಿಗೆ ಬೀಳುತ್ತಿರಲಿಲ್ಲ, ಗುರುತಿನವರ ದನಿಯಲ್ಲಿ ಹೊರಗಿನಿಂದ ಹೆಸರು ಹಿಡಿದು ಕರೆಯುತ್ತಿತ್ತು ಅಷ್ಟೆ.

ಎರಡೂ ಟ್ರೇಲರ್‌ಗಳು ಕಣ್ಣಿಗಿಂತ ಕಿವಿಯನ್ನು ನಂಬಿರುವುದಕ್ಕೆ ದೇಹದ ಕಡೆಯಿಂದಲೂ ಕಾರಣವಿದೆ. ಹಠಾತ್ತನೆ ಜೋರಾದ ಸದ್ದು ಕೇಳಿದರೆ, ಅದೇನೆಂದು ಯೋಚಿಸುವ ಮೊದಲೇ ರೆಪ್ಪೆ ಬಡಿದು ಕುತ್ತಿಗೆ, ಭುಜಗಳು ಬಿಗಿಯುತ್ತವೆ, ಇದನ್ನು ಇಚ್ಛಾಶಕ್ತಿಯಿಂದ ತಡೆಯಲಾಗದು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಡೇನಿಯಲ್ ಬ್ಲಮ್‌ಸ್ಟೀನ್ ಅವರು ಮಾರ್ಮಟ್ ಎಂಬ ಬೆಟ್ಟದ ಅಳಿಲುಗಳ ಕಿರಿಚಾಟವನ್ನು ಅಧ್ಯಯನ ಮಾಡುತ್ತಾ, ಹೆದರಿದ ಪ್ರಾಣಿಯ ಕೂಗು ಗಂಟಲಿನ ಹಿಡಿತ ಮೀರಿ ಒರಟಾಗಿ ಒಡೆಯುವುದನ್ನು ಗಮನಿಸಿದರು. ಅದೇ ಜಾಡಿನಲ್ಲಿ ಸಿನಿಮಾಗಳ ಧ್ವನಿಪಥಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಹಾರರ್ ಚಿತ್ರಗಳಲ್ಲಿ ಇಂಥ ಕರ್ಕಶ ಸದ್ದು ಮತ್ತು ಕಿರಿಚುವಿಕೆ ಹೆಚ್ಚಾಗಿರುವುದನ್ನು ತೋರಿಸಿದರು. ‘ದ ಶೈನಿಂಗ್’ ಟ್ರೇಲರಿನ ಸಂಗೀತವನ್ನು ಕಣ್ಣು ಮುಚ್ಚಿ ಕೇಳಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಈಗ ಬರುತ್ತಿರುವ ಬಹುಪಾಲು ಹಾರರ್ ಟ್ರೇಲರ್‌ಗಳು ಈ ತಂತ್ರಗಳನ್ನು ಅಚ್ಚಿಗೆ ಹಾಕಿಬಿಟ್ಟಿವೆ. ಹೊಸ ಮನೆಗೆ ಬರುವ ಸಂಸಾರ, ನಿಧಾನಗೊಳಿಸಿದ ಮಕ್ಕಳ ಹಾಡು, ಏರುವ ಸದ್ದು, ನಡುನಡುವೆ ಕಪ್ಪು ಪರದೆ, ಶೀರ್ಷಿಕೆ, ಶೀರ್ಷಿಕೆಯ ನಂತರ ಕೊನೆಯದೊಂದು ಚೀತ್ಕಾರ. ಕೊನೆಯ ಆ ಚೀತ್ಕಾರ ಬಂದೇ ಬರುತ್ತದೆಂದು ಗೊತ್ತಾದ ಮೇಲೆ ಜನ ಹೆದರುವ ಬದಲು ವಾಲ್ಯೂಮ್ ತಗ್ಗಿಸುತ್ತಾರೆ. ಕನ್ನಡದ ಹಾರರ್ ಟ್ರೇಲರ್‌ಗಳಲ್ಲೂ ಅನೇಕವು ಇದೇ ಅಚ್ಚಿನವು, ಮೇಲಾಗಿ ನಡುವೆ ಒಂದು ಹಾಸ್ಯದ ಮಾತನ್ನೂ ತುರುಕುವುದರಿಂದ ಕಟ್ಟಿದ ಬಿಗಿಯೆಲ್ಲ ಅಲ್ಲೇ ಸಡಿಲವಾಗುತ್ತದೆ.

ನೋಡುವವರಿಗೆ ಒಂದೆರಡು ಸೂಚನೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೆಳಸ್ಥಾಯಿಯ ಗುಡುಗು ಕೇಳುವುದೇ ಇಲ್ಲ, ಆದ್ದರಿಂದ ಇಯರ್‌ಫೋನ್ ಹಾಕಿಕೊಂಡೇ ನೋಡಬೇಕು. ಬೇಗ ಬೆಚ್ಚುವವರು ‘ಕಾಂಜ್ಯೂರಿಂಗ್’ ಟ್ರೇಲರನ್ನು ಕಡಿಮೆ ವಾಲ್ಯೂಮಿನಲ್ಲಿ ನೋಡುವುದು ಒಳ್ಳೆಯದು. ಚಿತ್ರಮಂದಿರದಲ್ಲಿ ತೋರಿಸುವ ಟ್ರೇಲರಿಗೆ ನಮ್ಮಲ್ಲಿ ಸೆನ್ಸಾರ್ ಪ್ರಮಾಣಪತ್ರ ಬೇಕು, ಯೂಟ್ಯೂಬ್‌ನಲ್ಲಿ ಹಾಕುವುದಕ್ಕೆ ಆ ಕಟ್ಟುಪಾಡಿಲ್ಲ, ಹಾಗಾಗಿ ಮಕ್ಕಳ ಕೈಯಲ್ಲಿ ಫೋನಿದ್ದಾಗ ದೊಡ್ಡವರೇ ಎಚ್ಚರವಹಿಸಬೇಕು.

ಎರಡರಲ್ಲಿ ನನ್ನ ಆಯ್ಕೆ ಯಾವ ಅನುಮಾನವೂ ಇಲ್ಲದೆ ‘ದ ಶೈನಿಂಗ್’. ಜಾಹೀರಾತಾಗಿ ‘ದ ಕಾಂಜ್ಯೂರಿಂಗ್’ ಅದಕ್ಕೆ ಸರಿಸಮ ನಿಲ್ಲುತ್ತದಾದರೂ, ತನ್ನ ಚಿತ್ರದ ಅತ್ಯುತ್ತಮ ಭಯವನ್ನು ಅದು ಪುಕ್ಕಟೆಯಾಗಿ ಕೊಟ್ಟುಬಿಟ್ಟಿದೆ, ಟ್ರೇಲರ್ ನೋಡಿ ಹೋದವರು ನೆಲಮಾಳಿಗೆಯ ದೃಶ್ಯ ಬರುವ ಹೊತ್ತಿಗೆ ಚಪ್ಪಾಳೆಗಾಗಿ ಕಾದು ಕುಳಿತಿರುತ್ತಾರೆ. ಆ ಚಿತ್ರವನ್ನು ಇನ್ನೂ ನೋಡದವರು ಮೊದಲು ಚಿತ್ರ ನೋಡಿ ಆಮೇಲೆ ಟ್ರೇಲರ್ ಹಾಕಿಕೊಳ್ಳುವುದು ಮೇಲು. ‘ದ ಶೈನಿಂಗ್’ ವಿಷಯದಲ್ಲಿ ಯಾವುದನ್ನು ಮೊದಲು ನೋಡಿದರೂ ನಷ್ಟವಿಲ್ಲ, ಏಕೆಂದರೆ ಲಿಫ್ಟ್‌ನ ಆ ರಕ್ತ ಚಿತ್ರದೊಳಗೆ ತುಣುಕು ತುಣುಕಾಗಿ ಮಿಂಚಿ ಮರೆಯಾಗುತ್ತದೆ, ಅದನ್ನು ಅಷ್ಟು ನಿಧಾನವಾಗಿ, ಅಷ್ಟು ಹೊತ್ತು ಕಾಯಿಸಿ ತೋರಿಸುವುದು ಟ್ರೇಲರ್ ಒಂದೇ.