ಹರಿಪುರದ ಚಿತ್ರಗಳು: ಗೆರೆ ಉಳಿದಿದೆ, ಮಣ್ಣಿನ ಬಣ್ಣ ಮಸುಕಾಗಿದೆ

ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು ನಾನು. ತರಗತಿಯ ಗೋಡೆಗೆಂದು ಬಂಗಾಳದ ಚಿತ್ರಕಾರ ನಂದಲಾಲ್ ಬೋಸರ ಹರಿಪುರ ಚಿತ್ರಗಳ ಮುದ್ರಿತ ಪ್ರತಿಗಳನ್ನು ತರಿಸಿದೆ. ಬಿಡಿ ಹಾಳೆಗಳ ಜೊತೆ ಅವರ ಬದುಕಿನ ಕಿರುಪುಸ್ತಿಕೆಯೂ ಇದೆ.

1938ರಲ್ಲಿ ಗುಜರಾತಿನ ಹರಿಪುರದಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕಾಗಿ ಗಾಂಧೀಜಿಯವರು ಕೇಳಿ ಬರೆಸಿದ ಚಿತ್ರಗಳಿವು. ಡೋಲು ಬಾರಿಸುವವನು, ದರ್ಜಿ, ಬಡಗಿ, ಎತ್ತು ಎಲ್ಲವೂ ಹಳ್ಳಿಯ ಜನ ಕಂಡ ಕೂಡಲೇ ಗುರುತಿಸುವಂಥವು. ಡೋಲಿನವನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ: ಬೆನ್ನಿನ ಬಳಿ ದಪ್ಪಗಿರುವ ಗೆರೆ ಮೊಣಕಾಲಿಗೆ ಬರುವಷ್ಟರಲ್ಲಿ ಸಪೂರವಾಗುತ್ತದೆ. ಕುಂಚ ಎಲ್ಲಿ ಒತ್ತಿತು, ಎಲ್ಲಿ ಹಗುರಾಯಿತು ಎಂಬುದು ಮುದ್ರಣದಲ್ಲೂ ಉಳಿದಿದೆ. ಇದೊಂದಕ್ಕೇ ಕೊಟ್ಟ ಹಣ ಸಾರ್ಥಕ.

ಕಾಗದ ಮಾತ್ರ ತೀರಾ ತಪ್ಪು ಆಯ್ಕೆ. ಮೂಲ ಚಿತ್ರಗಳು ಕೈಯಿಂದ ತಯಾರಿಸಿದ ಕಾಗದದ ಮೇಲಿನ ಟೆಂಪೆರಾ, ಅಂದರೆ ಅಂಟು ಬೆರೆಸಿದ ಬಣ್ಣದಲ್ಲಿ ಬರೆದವು. ಒರಟು ಮೈ, ಮಣ್ಣಿನ ಬಣ್ಣ. ಇಲ್ಲಿ ಮಿರುಗುವ ಆರ್ಟ್ ಪೇಪರ್ ಬಳಸಿದ್ದಾರೆ. ಟ್ಯೂಬ್‌ಲೈಟ್ ಕೆಳಗೆ ಕಾವಿಕೆಂಪು ಕಾಣುವುದೇ ಇಲ್ಲ, ಬರೀ ಹೊಳಪು. ಹಿಂದಿನ ಬೆಂಚಿನ ಮಕ್ಕಳಿಗಂತೂ ಏನೂ ತಿಳಿಯದು.

ಪುಸ್ತಿಕೆಯ ಮೊದಲರ್ಧ ಸಾಧಾರಣ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ನಂದಲಾಲರ ಜೊತೆಗೇ ಕಲಿತ ನಮ್ಮ ಕೆ. ವೆಂಕಟಪ್ಪನವರ ಹೆಸರನ್ನೇ ಬಿಟ್ಟಿದ್ದಾರೆ. ಕನ್ನಡ ಓದುಗಾರ್ತಿಯಾಗಿ ನನಗೆ ಬೇಸರವಾಯಿತು. ಆದರೆ ಶಾಂತಿನಿಕೇತನದ ಭಾಗವನ್ನು ಪ್ರತಿ ಚಿತ್ರಕಲಾ ಶಿಕ್ಷಕರೂ ಓದಬೇಕು. 1920ರ ದಶಕದ ಆರಂಭದಿಂದ 1951ರವರೆಗೆ ಅಲ್ಲಿನ ಕಲಾಶಾಲೆ ಕಲಾಭವನವನ್ನು ನಡೆಸಿದ ಈ ‘ಮಾಸ್ಟರ್ ಮೊಶಾಯ್’ (ಮೇಷ್ಟ್ರು) ತಮ್ಮ ಶೈಲಿಯನ್ನು ಯಾರ ಮೇಲೂ ಹೇರಲಿಲ್ಲ. ಅವರ ಶಿಷ್ಯ ರಾಮಕಿಂಕರ್ ಬೈಜ್ ಸಿಮೆಂಟು ಜಲ್ಲಿಯಲ್ಲಿ ಸಂತಾಲ ಬುಡಕಟ್ಟಿನ ಕುಟುಂಬವೊಂದರ ಶಿಲ್ಪವನ್ನು ಬಯಲಲ್ಲಿ ನಿಲ್ಲಿಸಿದರು. ದೃಷ್ಟಿ ತೀರ ಮಂದವಾಗಿದ್ದ ಇನ್ನೊಬ್ಬ ಶಿಷ್ಯ ವಿನೋದ ಬಿಹಾರಿ ಮುಖರ್ಜಿ ಗೋಡೆ ತುಂಬ ಭಿತ್ತಿಚಿತ್ರ ಬರೆದರು. ಒಬ್ಬರ ಕೆಲಸ ಇನ್ನೊಬ್ಬರದನ್ನು ಹೋಲುವುದಿಲ್ಲ, ಇಬ್ಬರದೂ ಗುರುವಿನದನ್ನು ಹೋಲುವುದಿಲ್ಲ. ಮಾದರಿ ಚಿತ್ರವನ್ನು ಹಾಗೆಯೇ ನಕಲು ಮಾಡಿದವರಿಗೆ ಪೂರ್ತಿ ಅಂಕ ಕೊಡುವ ನಮ್ಮ ಪದ್ಧತಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ.

ಶಿಕ್ಷಕರು ಕೊಳ್ಳಬಹುದು, ಗಾಜಿನ ಚೌಕಟ್ಟು ಮಾತ್ರ ಹಾಕಿಸಬೇಡಿ, ಹೊಳಪು ಇನ್ನೂ ಹೆಚ್ಚುತ್ತದೆ. ಪ್ರಕಾಶಕರು ಹೊಳಪಿಲ್ಲದ ಕಾಗದದಲ್ಲಿ ಮರುಮುದ್ರಿಸಿದರೆ ನಾನೇ ಇನ್ನೊಂದು ಕಟ್ಟು ಕೊಳ್ಳುತ್ತೇನೆ.