ಮಳೆಗಾಲಕ್ಕೆ ಯಾವ ಆಟ? ಫ್ರೀಸೆಲ್, ಮೈನ್ಸ್, ಮತ್ತೆ ದುಡ್ಡು ತಿಂದ ಆ ಹಣ್ಣಿನ ಆಟ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಫ್ರೀಸೆಲ್ ಅನ್ನುವ, ಕಂಪ್ಯೂಟರ್‌ನಲ್ಲಿ ಒಬ್ಬರೇ ಆಡುವ ಇಸ್ಪೀಟ್ ಆಟಕ್ಕೆ. ಉಳಿದವನ್ನೂ ಬೇಕಾದಷ್ಟು ಆಡಿದ್ದೇನೆ, ಒಂದಕ್ಕೆ ದುಡ್ಡೂ ಕೊಟ್ಟಿದ್ದೇನೆ. ಆದರೆ ಕೊಡಗಿನ ನಾಪೋಕ್ಲು ಕಡೆಯ ತೋಟದ ಮನೆಯಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಸಂಜೆ ಕಳೆಯುವವರ ಲೆಕ್ಕವೇ ಬೇರೆ. ಮಳೆ ಜೋರಾದರೆ ಕರೆಂಟ್ ಇಲ್ಲ. ಟವರ್‌ನ ಬ್ಯಾಟರಿ ಇಳಿದರೆ ಸಿಗ್ನಲ್ಲೂ ಇಲ್ಲ. ಭಾಗಮಂಡಲದ ರಸ್ತೆಗೆ ಕಾವೇರಿ ಹತ್ತಿದರೆ ಆ ಕಡೆಯ ನೆಂಟರೂ ಬರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಉಳಿದಿರುವ ಚಾರ್ಜ್ ಎಷ್ಟೋ ಅಷ್ಟೇ ಟೈಂಪಾಸ್.

ಹಣ್ಣಿನ ಆಟದಿಂದ ಶುರು ಮಾಡುತ್ತೇನೆ, ಸಿಟ್ಟು ಇನ್ನೂ ಆರಿಲ್ಲ. ಒಂದೇ ಥರದ ಮೂರನ್ನು ಸಾಲಾಗಿ ಜೋಡಿಸಿದರೆ ಮಾಯವಾಗುವ ಆಟ ಗೊತ್ತಲ್ವಾ? 2012ರಲ್ಲಿ ಬಂದ ಕ್ಯಾಂಡಿ ಕ್ರಶ್ ಈ ಜಾತಿಯಲ್ಲಿ ಎಲ್ಲರಿಗೂ ಪರಿಚಯ. ಅದರಲ್ಲಿ 5 ಜೀವ, ಹೋದ ಒಂದೊಂದು ಜೀವ ತುಂಬಲು ಅರ್ಧ ಗಂಟೆ. ನಾನು ಹಾಕಿಕೊಂಡದ್ದು ಅದಲ್ಲ, ಅದೇ ದಾರಿಯಲ್ಲಿ ಬಂದ ಇನ್ನೊಂದು. ಹೆಸರು ಬೇಡ. ಜಾಹೀರಾತಿನ ಕಾಟ ತಡೆಯಲಾರದೆ ಅದನ್ನು ತೆಗೆಸಲು ದುಡ್ಡು ಕಟ್ಟಿದೆ.

ಒಂದು ವಾರ ಚೆನ್ನಾಗಿತ್ತು. ಆಮೇಲೆ ನಮ್ಮ ಕಕ್ಕಡ ತಿಂಗಳ ಜೋರು ಮಳೆ ಹಿಡಿಯಿತು, ನೆಟ್ ಹೋಯಿತು. ಆಟ ತೆರೆದರೆ 'ನಿಮ್ಮ ಖರೀದಿಯನ್ನು ಪರಿಶೀಲಿಸಲಾಗುತ್ತಿದೆ' ಅಂತ ಒಂದು ಚಕ್ರ ಸುತ್ತುತ್ತಿದೆ. ಸುತ್ತಿ ಸುತ್ತಿ ಸಾಕಾಗಿ, ನಾನು ದುಡ್ಡೇ ಕೊಟ್ಟಿಲ್ಲ ಅನ್ನುವ ತೀರ್ಮಾನಕ್ಕೆ ಬಂತು. ಸರಿ, ಬಿಟ್ಟಿ ಆಟವನ್ನೇ ಆಡೋಣ ಅಂದರೆ ಜೀವ ಮುಗಿಯಿತು. ಜೀವ ಬೇಕಾದರೆ ಜಾಹೀರಾತು ನೋಡಬೇಕಂತೆ. ಜಾಹೀರಾತು ಬರಲು ನೆಟ್ ಬೇಕು. ಅಂದರೆ ಯಾವುದನ್ನು ನೋಡಬಾರದು ಅಂತ ದುಡ್ಡು ಕೊಟ್ಟಿದ್ದೆನೋ ಅದು ಬರಲಿ ಅಂತ ಟಾರ್ಚ್ ಹಿಡಿದುಕೊಂಡು ಜಗಲಿಯಲ್ಲಿ ಸಿಗ್ನಲ್ ಹುಡುಕುವ ಸ್ಥಿತಿ.

ಅವರ ಸಹಾಯ ವಿಭಾಗಕ್ಕೆ ಬರೆದೆ. ಸಿಗ್ನಲ್ ಬಂದ ದಿನ ಉತ್ತರವೂ ಬಂದಿತ್ತು: 'ದಯವಿಟ್ಟು ನಿಮ್ಮ ಇಂಟರ್‌ನೆಟ್ ಸಂಪರ್ಕ ಪರೀಕ್ಷಿಸಿ.' ದುಡ್ಡು ವಾಪಸ್ ಬರಲಿಲ್ಲ.

ಇದನ್ನೂ ಬದಿಗಿಡೋಣ. ಈ ಆಟ ಕೂರಿಸುವ ರೀತಿಯೇ ನನಗೆ ಹಿಡಿಸುವುದಿಲ್ಲ. ಮೇಲಿಂದ ಯಾವ ಹಣ್ಣು ಬೀಳುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ಇನ್ನೇನು ಒಂದೇ ನಡೆ ಬೇಕು ಅನ್ನುವಾಗ ನಡೆಗಳು ಮುಗಿಯುತ್ತವೆ, ಆಗ ಐದು ನಡೆ ಮಾರಲು ಅಂಗಡಿ ತೆರೆಯುತ್ತದೆ. ಗೆದ್ದರೂ ನಾನು ಗೆದ್ದೆನೋ ಅವರೇ ಗೆಲ್ಲಿಸಿದರೋ ತಿಳಿಯುವುದಿಲ್ಲ.

2048: ಒಂದೇ ಅಂಕಿಯ ಚೌಕಗಳನ್ನು ಸರಿಸಿ ಕೂಡಿಸುವ ಆಟ. ಗೇಬ್ರಿಯೆಲೆ ಚಿರುಲ್ಲಿ ಅನ್ನುವ 19ರ ಇಟಲಿಯ ಹುಡುಗ 2014ರ ಮಾರ್ಚ್‌ನಲ್ಲಿ ಒಂದು ವಾರಾಂತ್ಯದಲ್ಲಿ ಮಾಡಿದ್ದು. ಕೈ ಆಡುತ್ತಿರುತ್ತದೆ, ತಲೆ ಮಲಗಿರುತ್ತದೆ. ನಿದ್ದೆ ಬಾರದ ರಾತ್ರಿಗೆ ಸಾಕು.

ಮೈನ್ಸ್ ನಿಜವಾದ ಎದುರಾಳಿ. ವಿಂಡೋಸ್ 3.1 ಜೊತೆ 1992ರಲ್ಲಿ ಮನೆ ಮನೆಗೆ ಬಂದ ಮೈನ್‌ಸ್ವೀಪರ್ ಇದು, ಬಾಂಬು ಅಡಗಿರುವ ಚೌಕ ಬಿಟ್ಟು ಉಳಿದದ್ದನ್ನು ತೆರೆಯುವ ಆಟ. ಕಷ್ಟದ ಹಂತದಲ್ಲಿ 480 ಚೌಕ, 99 ಬಾಂಬು. ಹಳೆಯದರಲ್ಲಿ ಒಂದೇ ಒಂದು ಕೊರತೆ. ಎಲ್ಲಾ ಲೆಕ್ಕ ಹಾಕಿ ಕೊನೆಯ ಮೂಲೆಗೆ ಬಂದರೆ ಎರಡು ಚೌಕ ಉಳಿದಿರುತ್ತವೆ, ಒಂದರಲ್ಲಿ ಬಾಂಬು. ಯಾವುದು ಅಂತ ತಿಳಿಯಲು ಯಾವ ದಾರಿಯೂ ಇಲ್ಲ, ಸುಮ್ನೆ ಒತ್ತಬೇಕು. ಅಷ್ಟು ಹೊತ್ತಿನ ತಲೆ ಕೆಲಸವೆಲ್ಲ ಚಿಮ್ಮಿದ ನಾಣ್ಯದ ಪಾಲು. ಸೈಮನ್ ಟ್ಯಾಥಮ್ ಅನ್ನುವ ಪ್ರೋಗ್ರಾಮರ್ ಮಾಡಿದ ಪಜಲ್ ಸಂಗ್ರಹದಲ್ಲಿರುವ ಮೈನ್ಸ್‌ನಲ್ಲಿ ಈ ಕಾಟ ಇಲ್ಲ. ಊಹೆ ಮಾಡದೆ ಬಿಡಿಸಲು ಆಗುವಂಥ ಹಲಗೆಯನ್ನೇ ಅದು ಹಾಕಿಕೊಡುತ್ತದೆ. ಬಾಂಬು ಸಿಡಿದರೂ ಒಂದು ಹೆಜ್ಜೆ ಹಿಂದೆ ಹೋಗಬಹುದು, ಎಷ್ಟು ಸಲ ಸತ್ತಿರಿ ಅಂತ ಮಾತ್ರ ಮೂಲೆಯಲ್ಲಿ ಬರೆದಿಡುತ್ತದೆ. ಸಂಗ್ರಹ ಪೂರ್ತಿ ಉಚಿತ, ಜಾಹೀರಾತಿಲ್ಲ, ನೆಟ್ ಬೇಡ.

ಮತ್ತೆ ಯಾಕೆ ಎರಡನೇ ಸ್ಥಾನ? ಟಚ್‌ಪ್ಯಾಡ್‌ನಲ್ಲಿ, ಒದ್ದೆ ಬೆರಳಲ್ಲಿ, ಬಾಂಬಿನ ಗುರುತಿಗೆ ಬಾವುಟ ನೆಡಲು ಹೋಗಿ ಚೌಕ ತೆರೆಯುವುದು ಬಲು ಸುಲಭ. ಅದಕ್ಕಿಂತ ಮುಖ್ಯ, ನಾನು ಪಟ್ಟಾಗಿ ಕೂರುವವನಲ್ಲ. ನಡುವೆ ಜನರೇಟರ್ ನೋಡಬೇಕು, ನಾಯಿಗೆ ಅನ್ನ ಹಾಕಬೇಕು. ಬಂದು ನೋಡಿದರೆ ಎಲ್ಲಿದ್ದೆ ಅಂತ ಹುಡುಕಬೇಕು.

ಫ್ರೀಸೆಲ್ ಎದ್ದು ಹೋದರೂ ಜೊತೆಗೆ ಬರುತ್ತದೆ. 52 ಎಲೆಯೂ ಮೊದಲಿನಿಂದಲೇ ಕಣ್ಣೆದುರು. ಎಲ್ಲರೂ ಆಡುವ ಸಾಲಿಟೇರ್‌ನಲ್ಲಿ ಸಾಲುಗಳಲ್ಲೇ 21 ಎಲೆ ಕವುಚಿರುತ್ತವೆ, ಸೋತರೆ ಹಣೆಬರಹ ಅನ್ನಬಹುದು. ಇಲ್ಲಿ ಆ ನೆಪ ಇಲ್ಲ. ಆಟೀನ್ ಎಕ್ಕ ರಾಜನ ಅಡಿಯಲ್ಲಿ ಹೂತಿದೆ ಅಂತ ಗೊತ್ತು, ಮೇಲಿನದನ್ನು ಎಲ್ಲಿ ಸರಿಸುವುದು ಅನ್ನುವುದೇ ಯೋಚನೆ. ಸೆಲ್ ಅಂದರೆ ಒಂದು ಎಲೆಯನ್ನು ಸದ್ಯಕ್ಕೆ ಪಕ್ಕಕ್ಕಿಡುವ ಜಾಗ. ಮೂರು ಸೆಲ್ ಖಾಲಿ ಇದ್ದರೆ, ಕೆಂಪು-ಕಪ್ಪು ಸರದಿಯಲ್ಲಿ ಇಳಿಯುತ್ತಾ ಜೋಡಿಸಿದ ನಾಲ್ಕು ಎಲೆ ಒಟ್ಟಿಗೆ ಸರಿಯುತ್ತವೆ. ಜೊತೆಗೆ ಒಂದು ಸಾಲೂ ಖಾಲಿ ಇದ್ದರೆ ಎಂಟು. ಅದಕ್ಕೇ ಹೊಸಬರು ಸೆಲ್ ತುಂಬಿಸಿಕೊಂಡು ಒದ್ದಾಡುತ್ತಾರೆ, ಹಳಬರು ಸಾಲು ಖಾಲಿ ಮಾಡಲು ನೋಡುತ್ತಾರೆ.

ಚಟ ಹಿಡಿಸುವ ಗುಟ್ಟು ಇನ್ನೊಂದಿದೆ. ಪಾಲ್ ಆಲ್ಫಿಲ್ ಇದನ್ನು 1978ರಲ್ಲಿ ಪ್ಲೇಟೋ ಅನ್ನುವ ಕಂಪ್ಯೂಟರ್ ವ್ಯವಸ್ಥೆಗೆ ಬರೆದರು. ವಿಂಡೋಸ್‌ಗೆ ಜಿಮ್ ಹಾರ್ನ್ ಮಾಡಿದ್ದರಲ್ಲಿ 32,000 ಆಟ, ಒಂದೊಂದಕ್ಕೂ ನಂಬರು. 1994ರಲ್ಲಿ ಡೇವ್ ರಿಂಗ್ ಅನ್ನುವವರು ಇಂಟರ್‌ನೆಟ್‌ನಲ್ಲಿ ಜನ ಸೇರಿಸಿ ಎಲ್ಲವನ್ನೂ ಹಂಚಿ ಆಡಿಸಿದರು. ಕೊನೆಗೆ ಯಾರಿಗೂ ಬಿಡಿಸಲಾಗದೆ ಉಳಿದದ್ದು ಒಂದೇ, 11982. ಆಮೇಲೆ ಕಂಪ್ಯೂಟರ್ ಪ್ರೋಗ್ರಾಮುಗಳೂ ಅದಕ್ಕೆ ಕೈಯೆತ್ತಿದವು. ಅಂದರೆ ನನ್ನ ಮುಂದಿರುವ ಆಟಕ್ಕೆ ದಾರಿ ಇದ್ದೇ ಇದೆ, ನನಗೆ ಕಂಡಿಲ್ಲ ಅಷ್ಟೆ. ಇದು ಗೊತ್ತಿದ್ದೂ ಲ್ಯಾಪ್‌ಟಾಪ್ ಮುಚ್ಚಿ ಮಲಗುವುದು ಹೇಗೆ ಹೇಳಿ? ಊಟಕ್ಕೆ ಕರೆದವರಿಗೆ 'ಬಂದೆ' ಅಂದು ಅಕ್ಕಿ ರೊಟ್ಟಿ ತಣ್ಣಗಾಗುವುದು ಇದೇ ಕಾರಣಕ್ಕೆ.

ನಂಬರಿನಿಂದ ಇನ್ನೊಂದು ಉಪಕಾರ. ಸೋಮವಾರಪೇಟೆಯ ತಂಗಿಗೆ ಫೋನ್ ಸಿಕ್ಕಿದಾಗ ನಂಬರ್ ಹೇಳುತ್ತೇನೆ, ಇಬ್ಬರೂ ಅದೇ ಎಲೆ ಹಾಕಿಕೊಂಡು ಆಡುತ್ತೇವೆ. ಮುಂದಿನ ಸಲ ಸಿಗ್ನಲ್ ಬಂದಾಗ ಜಗಳ.

ವಿಂಡೋಸ್ 8ರಲ್ಲಿ ಫ್ರೀಸೆಲ್ ತಾನಾಗಿ ಬರುತ್ತಿರಲಿಲ್ಲ, ವಿಂಡೋಸ್ 10ರಲ್ಲಿ ಮೈಕ್ರೋಸಾಫ್ಟ್‌ನ ಸಾಲಿಟೇರ್ ಸಂಗ್ರಹದೊಳಗೆ ಜಾಹೀರಾತಿನ ಜೊತೆ ಮರಳಿತು. ಆದರೆ ಪೈಸಾಲ್ ಎಫ್‌ಸಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಇದೆ, ಅದರ ಜೊತೆ ಸಾವಿರಕ್ಕೂ ಜಾಸ್ತಿ ಇಸ್ಪೀಟ್ ಆಟಗಳೂ ಸಿಗುತ್ತವೆ. ಮೇ ಮುಗಿಯುವ ಮೊದಲೇ ಇಳಿಸಿಟ್ಟುಕೊಳ್ಳಿ.

ಪಟ್ಟಾಗಿ ಕೂತು ಆಡುವವರು, ಕಣ್ಣು ಚುರುಕಿರುವವರು ಮೈನ್ಸ್ ಹಾಕಿಕೊಂಡರೂ ನಷ್ಟವಿಲ್ಲ, ಎರಡಕ್ಕೂ ಖರ್ಚು ಸೊನ್ನೆ. ಖರ್ಚು ಮಾಡಲೇಬೇಕು ಅನ್ನಿಸಿದರೆ ತಂತಿ ಇರುವ ಒಂದು ಸಾದಾ ಮೌಸ್ ತನ್ನಿ. ನಾನು ಮಡಿಕೇರಿಯಿಂದ ತಂದದ್ದಕ್ಕೆ ಆ ಹಣ್ಣಿನ ಆಟಕ್ಕಿಂತ ಕಡಿಮೆ ಬಿತ್ತು.